ಒಂದು ಬೆರಳಿನಷ್ಟು ಕಮ್ಮಿ

ಮಂಚ ಕೂರುವುದಿಲ್ಲವೆಂದು ಗೊತ್ತಾದಾಗ ಅವಳಿಗೆ ಮೊದಲು ಆದದ್ದು ಬೇಸರವಲ್ಲ, ನಿರಾಳ. ಖಾಲಿ ಕೋಣೆಯ ನೆಲದ ಮೇಲೆ ಮಂಡಿಯೂರಿ, ಕಿಟಕಿಯ ಕೆಳಗಿನ ಗೋಡೆಗೆ ಸ್ಕೇಲನ್ನು ಒತ್ತಿ ಹಿಡಿದು, ಒಂದು ಮೀಟರು ಮುಗಿದಲ್ಲಿ ಪೆನ್ಸಿಲಿನಿಂದ ಸಣ್ಣ ಗೆರೆ ಹಾಕಿ, ಅಲ್ಲಿಂದ ಮತ್ತೆ ಆಚೆಯ ಕಂಬದ ತನಕ ಅಳೆದಳು. ನೂರ ಎಂಬತ್ತೊಂಬತ್ತು. ಮಂಚದ ಉದ್ದ ನೂರ ತೊಂಬತ್ತು. ಇನ್ನೊಂದು ಸಲ ಅಳೆದಳು, ಈ ಸಲ ಕಂಬದ ಕಡೆಯಿಂದ ಶುರುಮಾಡಿ, ಗೋಡೆ ಮನಸ್ಸು ಬದಲಿಸಿದ್ದರೂ ಬದಲಿಸಿರಬಹುದು ಎಂಬಂತೆ. ಅಷ್ಟೇ. ಒಂದು ಸೆಂಟಿಮೀಟರು, ಒಂದು ಬೆರಳಿನಷ್ಟು, ಕಮ್ಮಿ. ಬೇರೆ ಕಡೆ ಹಾಕೋಣವೆಂದರೆ ಒಂದು ಗೋಡೆಯಲ್ಲಿ ಬಾಗಿಲು, ಇನ್ನೊಂದಕ್ಕೆ ಒಲೆಯ ಕಟ್ಟೆ, ಮೂರನೆಯದರಲ್ಲಿ ಬಚ್ಚಲು. ಹಾಗಾದರೆ ಮುಗಿಯಿತು. ಎರಡು ತಿಂಗಳಿಂದ ಮನೆ ಹುಡುಕಿದ್ದು ಸಾಕು. ತಪ್ಪು ಗೋಡೆಯದು, ತನ್ನದಲ್ಲ. ಸಂಜೆ ಮನೆಗೆ ಹೋಗಿ, ಚಪ್ಪಲಿ ಬಿಟ್ಟು, ಏನೂ ಹೇಳದೆ ಅತ್ತಿಗೆಯ ಕೈಯಿಂದ ಚಹಾ ಇಸಿದುಕೊಂಡು ಕುಡಿಯಬಹುದು.

"ಆಗುತ್ತಾ?" ಎಂದು ಬಾಗಿಲಲ್ಲಿ ನಿಂತಿದ್ದ ಮನೆಯೊಡತಿ ಕೇಳಿದರು. ಅವರು ನಿವೃತ್ತ ಟೆಲಿಫೋನ್ ಆಪರೇಟರು. ಮೂವತ್ತೆರಡು ವರ್ಷ ಒಂದೇ ಕಿವಿಯಲ್ಲಿ ಊರಿನವರ ಮಾತನ್ನೆಲ್ಲ ದಾಟಿಸಿದ್ದಕ್ಕೋ ಏನೋ, ಯಾರು ಏನು ಹೇಳಿದರೂ ತಲೆಯನ್ನು ಎಡಕ್ಕೆ ವಾಲಿಸಿಯೇ ಕೇಳುತ್ತಿದ್ದರು. ಕೆಳಗಿನ ಮನೆಯಲ್ಲಿ ಅವರು, ಮೇಲೆ ಈ ಒಂದು ಕೋಣೆ. ಮೆಟ್ಟಿಲು ಹತ್ತುವಾಗಲೇ ಅವರು ಷರತ್ತುಗಳನ್ನು ಒಂದೊಂದಾಗಿ ಹೇಳಿ ಮುಗಿಸಿದ್ದರು: ಬಟ್ಟೆ ಹಿಂದುಗಡೆ ಒಣಗಿಸಬೇಕು, ಗೋಡೆಗೆ ಮೊಳೆ ಹೊಡೆಯುವ ಮುಂಚೆ ಕೇಳಬೇಕು, ಜಗಳ ಇದ್ದರೆ ಹಗಲಿನಲ್ಲಿ ಆಡಬೇಕು. "ಜಗಳ ಆಡೋದಕ್ಕೆ ನಾನೊಬ್ಬಳೇ ಅಲ್ವಾ" ಎಂದಿದ್ದಳು ಅವಳು, ನಗಿಸಲು. ಅವರು ನಗಲಿಲ್ಲ. ಈಗ ಅದನ್ನೇ ನೆನೆಸಿಕೊಂಡವರಂತೆ ತಲೆ ಇನ್ನಷ್ಟು ವಾಲಿತು.

"ಒಬ್ಬಳೇನಾ? ನಿಮ್ಮವರು ಯಾರೂ ಇಲ್ವಾ?"

"ಎಲ್ಲಾ ಇದ್ದಾರೆ. ಅಣ್ಣ, ಅತ್ತಿಗೆ, ಅಣ್ಣನ ಮಕ್ಕಳು. ಇದೇ ಊರಲ್ಲೇ."

"ಮತ್ತೆ ಯಾಕೆ?"

ಬೇರೆ ಯಾರಾದರೂ ಆಗಿದ್ದರೆ ಫ್ಯಾಕ್ಟರಿಗೆ ಹತ್ತಿರ ಎಂದೋ, ಬಸ್ಸಿನ ಖರ್ಚು ಉಳಿಯುತ್ತೆ ಎಂದೋ ಹೇಳಿ ಮುಗಿಸುತ್ತಿದ್ದರು. ಅವಳು ಸ್ಕೇಲನ್ನು ಮಡಚತೊಡಗಿದಳು. ಯಾರಾದರೂ ಹೊಡೆಯುತ್ತಿದ್ದರೆ, ಬೈಯುತ್ತಿದ್ದರೆ, ತಟ್ಟೆಗೆ ಕಮ್ಮಿ ಬಡಿಸುತ್ತಿದ್ದರೆ ಈ ಪ್ರಶ್ನೆಗೆ ಎಷ್ಟು ಚೆಂದದ ಉತ್ತರವಿರುತ್ತಿತ್ತು. ಆರು ವರ್ಷದ ಹಿಂದೆ, ಅಮ್ಮ ತೀರಿಕೊಂಡ ವಾರದಲ್ಲಿ, ಒಂದು ಟ್ರಂಕು ಹಿಡಿದು ಅಣ್ಣನ ಮನೆಯ ಹೊಸ್ತಿಲಲ್ಲಿ ನಿಂತಾಗ ಅತ್ತಿಗೆ "ಬಾ" ಎಂದಳೇ ಹೊರತು ಎಷ್ಟು ದಿನಕ್ಕೆ ಎಂದು ಕೇಳಲಿಲ್ಲ. ಆವತ್ತೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. ಹಾಲಿನಲ್ಲಿದ್ದ ಕಬ್ಬಿಣದ ಬೀರುವನ್ನು ಗಂಡನ ಕೈಲಿ ಅಡ್ಡಕ್ಕೆ ತಿರುಗಿಸಿ, ಅದರ ಹಿಂದೆ ಕಿಟಕಿಯ ಪಕ್ಕದ ಜಾಗಕ್ಕೆ ಒಂದು ಪರದೆ ಕಟ್ಟಿ, "ಇದು ನಿನ್ನ ಕೋಣೆ" ಎಂದು ಹೇಳಿದಳು. ಅಣ್ಣ ಮನೆಗೆ ಬಂದವರ ಮುಂದೆ "ಇವಳು ನಮ್ಮ ಹಾಲಿನ ಬಾಡಿಗೆದಾರಳು" ಎಂದು ತಮಾಷೆ ಮಾಡುತ್ತಾನೆ. ಎಲ್ಲರೂ ನಗುತ್ತಾರೆ, ಅವಳೂ ನಗುತ್ತಾಳೆ, ನಕ್ಕ ಮೇಲೆ ಪರದೆಯೊಳಗೆ ಹೋಗಿ ಸ್ವಲ್ಪ ಹೊತ್ತು ಮುಖ ಬಿಗಿಹಿಡಿದು ಕೂರುತ್ತಾಳೆ. ಅಣ್ಣ ಕೆಟ್ಟವನಲ್ಲ. ಅವನ ತಮಾಷೆಯ ಖಜಾನೆಯಲ್ಲಿ ಇರುವುದೇ ಮೂರು ತಮಾಷೆ, ಅದರಲ್ಲಿ ಇದೊಂದು. ಇನ್ನು ಅತ್ತಿಗೆಯೋ, ಆ ಪರದೆಯ ಹತ್ತಿರ ಹಾಯುವಾಗಲೆಲ್ಲ, ಬಾಗಿಲು ತಟ್ಟುವ ಹಾಗೆ, ಸಣ್ಣಗೆ ಕೆಮ್ಮುತ್ತಾಳೆ. ತನ್ನದೇ ಮನೆಯಲ್ಲಿ, ತನ್ನದೇ ಹಾಲಿನಲ್ಲಿ, ಕೈಯಲ್ಲಿ ಕಸಪೊರಕೆ ಹಿಡಿದುಕೊಂಡು, ಆರು ವರ್ಷದಿಂದ ಕೆಮ್ಮುತ್ತಿದ್ದಾಳೆ. ಇಂಥವರನ್ನು ಬಿಟ್ಟು ಹೋಗಲು ಯಾವ ಕಾರಣ ಕೊಡುವುದು? ನನಗೊಂದು ಚಿಲಕ ಬೇಕಾಗಿದೆ ಎನ್ನುವುದೇ? ಯಾರಿಂದ ಏನನ್ನು ಕಾಪಾಡಿಕೊಳ್ಳುವುದಕ್ಕೆ ಎಂದು ಕೇಳಿದರೆ?

"ಯೋಚನೆ ಮಾಡಿ," ಎಂದರು ಮನೆಯೊಡತಿ. "ಸಂಜೆ ಆರು ಗಂಟೆಗೆ ಇನ್ನೊಂದು ಜೋಡಿ ನೋಡೋಕೆ ಬರ್ತಾರೆ. ಅವರಿಗೆ ಮನೆ ಹಿಡಿಸೋದರಲ್ಲಿ ಅನುಮಾನ ಇಲ್ಲ. ನೀವು ಮೊದಲು ಬಂದೋರು ಅಂತ ಅಲ್ಲೀ ತನಕ ಇಟ್ಟಿರ್ತೀನಿ."

"ಮಂಚ ಕೂರಲ್ಲ" ಎಂದು ಅಲ್ಲೇ ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಮೂವತ್ತೆರಡು ವರ್ಷ ಕೇಳಿಸಿಕೊಂಡ ಆ ಕಿವಿಗೆ ತನ್ನ ದನಿಯೊಳಗಿನ ನಿರಾಳ ಕೇಳಿಸಿಬಿಟ್ಟರೆ ಎಂದು ನಾಚಿಕೆಯಾಗಿ, ತಲೆಯಾಡಿಸಿ ಮೆಟ್ಟಿಲಿಳಿದಳು.

ಊಟದ ವಿರಾಮ ಮುಗಿಯಲು ಇನ್ನೂ ಇಪ್ಪತ್ತು ನಿಮಿಷವಿತ್ತು. ಬಸ್ಸಿಗೆ ಕಾಯದೆ ನಡೆದೇ ಹೊರಟಳು. ಬೀದಿಯ ಎರಡೂ ಕಡೆ ಮೂರು ಮೂರು ಮಹಡಿಯ ಮನೆಗಳು, ಪ್ರತಿ ಮನೆಯ ಬಾಗಿಲ ಪಕ್ಕ ಕರೆಗಂಟೆಗಳ ಸಾಲು, ಪ್ರತಿ ಗಂಟೆಯ ಕೆಳಗೆ ಒಂದು ಚೀಟಿಯಲ್ಲಿ ಒಂದು ಹೆಸರು. ಇಷ್ಟು ದಿನ ಆ ಚೀಟಿಗಳನ್ನು ಓದಿಕೊಂಡು ಹೋಗುವುದೇ ಅವಳ ಚಟವಾಗಿತ್ತು. ಇವರೆಲ್ಲ ಹೇಗೆ ಕಟ್ಟುತ್ತಾರೆ, ಇವರಿಗೆಲ್ಲ ಎಷ್ಟು ಸಂಬಳ? ತನ್ನ ಸಂಬಳವನ್ನು ಅವಳು ಹತ್ತು ಪಾಲು ಮಾಡಿದ್ದಳು, ಹಳೆಯ ನಕ್ಷೆಗಳ ಬೆನ್ನಿನ ಮೇಲೆ, ಚೂಪಾದ ಪೆನ್ಸಿಲಿನಲ್ಲಿ, ಡ್ರಾಯಿಂಗಿನಷ್ಟೇ ಶುದ್ಧವಾಗಿ. ಬಾಡಿಗೆಗೆ ನಾಲ್ಕು. ಊಟಕ್ಕೆ ಎರಡೂವರೆ. ಬಸ್ಸಿಗೆ ಒಂದು, ದೀಪ ನೀರು ಗ್ಯಾಸಿಗೆ ಒಂದು. ಜ್ವರ ಬಂದರೆ, ಚಪ್ಪಲಿ ಕಿತ್ತರೆ, ಯಾರದಾದರೂ ಮದುವೆಗೆ ಕರೆದರೆ ಎಂದು ಒಂದೂವರೆ. ಅಲ್ಲಿಗೆ ಹತ್ತು ಆಯಿತು. ಆದರೆ ತಿಂಗಳ ಮೊದಲ ದಿನ ಒಂದು ಕವರಿನಲ್ಲಿಟ್ಟು ಅತ್ತಿಗೆಯ ಹೊಲಿಗೆ ಮೆಷಿನ್ನಿನ ಡ್ರಾಯರಿನೊಳಗೆ ಸರಿಸುವ ಮೂರು ಪಾಲು ಇನ್ನೂ ಹೊರಗೇ ನಿಂತಿತ್ತು. ಹತ್ತು ಪಾಲಿನೊಳಗೆ ಹದಿಮೂರು ಕೂರಿಸಲು ಏನೆಲ್ಲ ಸರ್ಕಸ್ಸು ಮಾಡಿದಳು! ಫ್ಯಾಕ್ಟರಿಯ ಸಂಜೆ ಚಹಾ ಬಿಟ್ಟಳು. ಎರಡು ವಾರ ಬಸ್ಸಿನ ಬದಲು ನಡೆದು ನೋಡಿದಳು, ಬಸ್ಸಿನಲ್ಲಿ ಉಳಿದದ್ದು ಚಪ್ಪಲಿಗೆ ಹೋಯಿತು. ಕೂದಲಿನ ಎಣ್ಣೆಯನ್ನೂ ಬಿಡಲಿಲ್ಲ ಆ ಪೆನ್ಸಿಲು. ಕೊನೆಗೆ ಎಷ್ಟು ಸಲ ಬರೆದರೂ ಅಳಿಸಬಹುದಾದ ಸಾಲು ಒಂದೇ ಉಳಿಯಿತು: ಕವರು. ತಾನು ಬಾಗಿಲಿಗೆ ಚಿಲಕ ಹಾಕಿಕೊಳ್ಳಬೇಕಾದರೆ ಅತ್ತಿಗೆಯ ಡ್ರಾಯರು ಖಾಲಿಯಾಗಬೇಕು. ಆ ಸಾಲಿನ ಮೇಲೆ ರಬ್ಬರು ಇಟ್ಟು, ಉಜ್ಜದೆ, ಎಷ್ಟೋ ಮಧ್ಯಾಹ್ನ ಕೂತಿದ್ದಳು. ಈಗ ಆ ಪೀಡೆಯೂ ಇಲ್ಲ. ಗೋಡೆಗೆ ದೊಡ್ಡ ನಮಸ್ಕಾರ.

ಪ್ಯಾಟರ್ನ್ ಶಾಪಿನಲ್ಲಿ ಮೇಸ್ತ್ರಿ ಆಗಲೇ ಕೆಲಸಕ್ಕೆ ಕೂತಿದ್ದರು. ಎರಕದ ಕಾರ್ಖಾನೆಯಲ್ಲಿ ಬೆಂಕಿ, ಹೊಗೆ, ಗದ್ದಲವೆಲ್ಲ ಆಚೆಯ ಶೆಡ್ಡಿನಲ್ಲಿ. ಇಲ್ಲಿ ಬರೇ ಮರದ ವಾಸನೆ, ಅಂಟಿನ ವಾಸನೆ, ಉಳಿಯ ಮೆತ್ತನೆಯ ಸದ್ದು. ಕಬ್ಬಿಣದಲ್ಲಿ ಏನೇ ಹುಟ್ಟಬೇಕಾದರೂ ಮೊದಲು ಇಲ್ಲಿ ಮರದಲ್ಲಿ ಹುಟ್ಟಬೇಕು. ಆ ಮರದ ಮಾದರಿಯನ್ನು ಮರಳಿನಲ್ಲಿ ಒತ್ತಿ, ತೆಗೆದು, ಉಳಿದ ಹಳ್ಳಕ್ಕೆ ಕರಗಿದ ಕಬ್ಬಿಣ ಹೊಯ್ಯುತ್ತಾರೆ. ಅವಳ ಮೇಜಿನ ಮೇಲೆ ನೀರಿನ ಪಂಪೊಂದರ ಹೊಟ್ಟೆಯ ಮಾದರಿ ಅರ್ಧ ಆಗಿ ಕೂತಿತ್ತು. ಒಳಮೂಲೆಗಳಿಗೆ ಬೆರಳಿನಿಂದ ಮೇಣ ತೀಡುತ್ತ, ಚೂಪಾಗಿದ್ದ ಮೂಲೆಗಳನ್ನೆಲ್ಲ ದುಂಡಗೆ ಮಾಡುತ್ತ ಕೂತಾಗ ಅವಳಿಗೆ ಹಾಡು ಗುನುಗುವಷ್ಟು ಹಗುರವಾಗಿತ್ತು. ಈ ಕೆಲಸ ಕಲಿಸಿದವರು ಮೇಸ್ತ್ರಿಯೇ. ಮೊದಲ ದಿನ ಆಫೀಸಿನವರು "ಹೆಣ್ಣುಮಗಳು, ಪೈಂಟು ಹಚ್ಚೋಕೆ ಇಟ್ಟುಕೊಳ್ಳಿ" ಎಂದು ಬಿಟ್ಟುಹೋದಾಗ ಅವರು ಅವಳ ಕೈಯನ್ನು ತಿರುಗಿಸಿ ನೋಡಿ, "ಪೈಂಟು ಗೋಡೆಗೆ ಹಚ್ಚೋರು ಬೇಕಾದಷ್ಟು ಜನ ಇದ್ದಾರೆ, ನೀನು ಉಳಿ ಹಿಡಿ" ಎಂದಿದ್ದರು. ಮೊದಲ ವರ್ಷ ಬಿಡುವಿನಲ್ಲಿ, ಉಳಿದ ಮರದ ತುಂಡುಗಳನ್ನು ಜೋಡಿಸಿ ಅವಳು ಮಾಡಿದ್ದೇ ಆ ಮಂಚ. ಕಾಲುಗಳನ್ನು ಮೂರು ಸಲ ಬಿಚ್ಚಿಸಿ ಮತ್ತೆ ಮಾಡಿಸಿದ್ದರು. ಮೂರನೆಯ ಸಲ ಅವಳು ಅತ್ತಿದ್ದಳು. "ಅಳು, ಆದರೆ ಕಣ್ಣೀರು ಜೋಡಣೆ ಮೇಲೆ ಬೀಳಿಸಬೇಡ, ಮರ ಉಬ್ಬುತ್ತೆ" ಎಂದಿದ್ದರು. ಈ ಜಗತ್ತಿನಲ್ಲಿ ಅವಳದು ಎಂದು ಇರುವ ದೊಡ್ಡ ಆಸ್ತಿ ಅದೊಂದೇ.

"ಏನಾಯ್ತು ಮನೆ?" ಎಂದರು ಮೇಸ್ತ್ರಿ, ಕಣ್ಣು ಉಳಿಯ ಮೇಲಿಟ್ಟೇ. ಮನೆ ಹುಡುಕುತ್ತಿರುವ ವಿಷಯ ಗೊತ್ತಿದ್ದದ್ದು ಅವರೊಬ್ಬರಿಗೇ.

"ಬಿಟ್ಟೆ. ಮಂಚ ಕೂರಲ್ಲ. ನೂರ ಎಂಬತ್ತೊಂಬತ್ತು ಇದೆ, ಒಂದು ಸೆಂಟಿಮೀಟರ್ ಕಮ್ಮಿ."

"ಅಯ್ಯೋ. ಬಾಡಿಗೆ?"

"ಬಾಡಿಗೆ ಪರವಾಗಿಲ್ಲ. ಬೆಳಕಿದೆ, ನೀರಿದೆ. ಎಲ್ಲಾ ಇದೆ, ಒಂದು ಬೆರಳು ಜಾಗ ಇಲ್ಲ." ಇದನ್ನು ಹೇಳುವಾಗ ತನ್ನ ದನಿ ಎಷ್ಟು ಲವಲವಿಕೆಯಿಂದ ಕೂಡಿತ್ತೆಂದು ಅವಳಿಗೇ ಕೇಳಿಸಿತು.

ಮೇಸ್ತ್ರಿ ತಲೆಯೆತ್ತಿದರು. "ಯಾವುದರಲ್ಲಿ ಅಳೆದೆ?"

ಅವಳು ಚೀಲದಿಂದ ಸ್ಕೇಲು ತೆಗೆದು ಮೇಜಿನ ಮೇಲಿಟ್ಟಳು. ಮಡಚುವ ಉಕ್ಕಿನ ಸ್ಕೇಲು, ಒಂದು ತುದಿಗೆ ಕೆಂಪು ಬಣ್ಣ. ಇಟ್ಟ ಕ್ಷಣವೇ ವಾಪಸು ಎತ್ತಿಕೊಳ್ಳಲು ಕೈ ಚಾಚಿದಳು. ಮೇಸ್ತ್ರಿ ಒಂದು ಗಳಿಗೆ ಆ ಕೆಂಪು ತುದಿಯನ್ನು, ಇನ್ನೊಂದು ಗಳಿಗೆ ಅವಳ ಮುಖವನ್ನು ನೋಡಿದರು. ಆಮೇಲೆ ಉಳಿಯನ್ನು ಕೆಳಗಿಟ್ಟು ನಗಲು ಶುರುಮಾಡಿದರು, ಸದ್ದಿಲ್ಲದೆ, ಭುಜ ಕುಣಿಸಿಕೊಂಡು, ಕಣ್ಣಲ್ಲಿ ನೀರು ಬರುವ ತನಕ.

"ಅಲ್ಲ ಕಣೇ, ಆ ಮನೇನ ಎರಕ ಹೊಯ್ದು ಮಾಡಿದಾರಾ? ಗೋಡೆ ತಣ್ಣಗಾದ ಮೇಲೆ ಕುಗ್ಗುತ್ತೇನು?"

ಕರಗಿದ ಕಬ್ಬಿಣ ತಣ್ಣಗಾಗುವಾಗ ನೂರರಲ್ಲಿ ಒಂದು ಪಾಲು ಕುಗ್ಗುತ್ತದೆ. ಹಾಗಾಗಿ ಮರದ ಮಾದರಿಯನ್ನು ಅಷ್ಟೇ ದೊಡ್ಡದು ಮಾಡಬೇಕು. ಪ್ರತಿ ಅಳತೆಗೂ ಲೆಕ್ಕ ಹಾಕುತ್ತ ಕೂರುವ ಬದಲು ಪ್ಯಾಟರ್ನ್ ಕೆಲಸದವರು ಸ್ಕೇಲನ್ನೇ ಹಿಗ್ಗಿಸಿ ಮಾಡಿಸಿಕೊಂಡಿರುತ್ತಾರೆ. ಅದರ ಒಂದು ಮೀಟರೆಂದರೆ ಲೋಕದ ಒಂದು ಮೀಟರು, ಮೇಲೆ ಒಂದು ಸೆಂಟಿಮೀಟರು. ಮಾಮೂಲಿ ಸ್ಕೇಲಿನೊಂದಿಗೆ ಬೆರೆತುಹೋಗದಿರಲಿ ಎಂದೇ ತುದಿಗೆ ಕೆಂಪು ಬಣ್ಣ. ಈ ಶಾಪಿನಲ್ಲಿ ಹೊಸಬರು ಮೊದಲ ದಿನ ಕಲಿಯುವ ಮೊದಲ ಪಾಠ ಇದು. ಐದು ವರ್ಷ ಅದೇ ಸ್ಕೇಲು ಹಿಡಿದವಳಿಗೆ ಅದರ ಬಣ್ಣ ಕಾಣಲಿಲ್ಲ ಎಂದರೆ ಯಾರು ನಂಬುತ್ತಾರೆ?

"ಮಂಚ ಯಾವುದರಲ್ಲಿ ಅಳೆದೆ? ಅದೂ ಇದರಲ್ಲೇನಾ?"

"ಇಲ್ಲ. ಅತ್ತಿಗೆ ಟೇಪಲ್ಲಿ. ಮೊನ್ನೆ."

"ಮತ್ತೇನು! ನೂರ ಎಂಬತ್ತೊಂಬತ್ತಕ್ಕೆ ಹತ್ತಿರ ಹತ್ತಿರ ಎರಡು ಸೆಂಟಿಮೀಟರ್ ಸೇರಿಸು. ನೂರ ತೊಂಬತ್ತೊಂದು. ಮಂಚ ಕೂತು ಇನ್ನೂ ಒಂಬತ್ತು ಮಿಲಿಮೀಟರ್ ಉಳಿಯುತ್ತೆ. ಹೊದಿಕೆ ಸಿಕ್ಕಿಸುವಾಗ ಬೆರಳು ತರಚುತ್ತೆ, ಅಷ್ಟೇ." ಅವರು ಕಣ್ಣೊರೆಸಿಕೊಂಡರು. "ಹೋಗು, ಇವತ್ತೇ ಹಿಡಿ ಆ ಮನೇನ."

ಅವಳು ನಗಲು ನೋಡಿದಳು. ಮೇಣ ಹತ್ತಿದ ಬೆರಳುಗಳನ್ನು ಒಂದಕ್ಕೊಂದು ಉಜ್ಜುತ್ತ ನಿಂತಳು. ಚೀಲದಲ್ಲಿ ಎರಡು ಸ್ಕೇಲುಗಳಿದ್ದವು. ಬೆಳಿಗ್ಗೆ ಮನೆಯಿಂದ ಹೊರಡುವಾಗ ಮಾಮೂಲಿ ಸ್ಕೇಲನ್ನೂ ತಾನೇ ಹಾಕಿಕೊಂಡಿದ್ದಳು, ಇದಕ್ಕೇ ಬೇಕಾಗುತ್ತದೆಂದು. ಆ ಕೋಣೆಯಲ್ಲಿ ಮಂಡಿಯೂರಿ ಚೀಲದೊಳಗೆ ಕೈ ಹಾಕಿದಾಗ ಕೈ ಯಾಕೆ ಇದನ್ನೇ ಹಿಡಿಯಿತು? ಅಭ್ಯಾಸಬಲ ಎನ್ನಬಹುದು. ಆದರೆ ಕೆಂಪು ತುದಿ ಕಂಬಕ್ಕೆ ತಾಗಿದಾಗ ಅದು ಕಣ್ಣಿಗೆ ಬಿದ್ದಿತ್ತಲ್ಲವೇ? ಬಿದ್ದಿತ್ತು ಎಂದೂ ಅನ್ನಿಸಿತು, ಇಲ್ಲ ಎಂದೂ ಅನ್ನಿಸಿತು. ಅಮ್ಮ ಆಸ್ಪತ್ರೆಯಲ್ಲಿದ್ದಾಗ ಕೊನೆಯ ದಿನ ಮಧ್ಯಾಹ್ನ ಊಟ ತರುತ್ತೇನೆಂದು ಹೊರಗೆ ಹೋಗಿ, ಊಟ ಕೈಯಲ್ಲಿ ಹಿಡಿದೇ ಒಂದು ಗಂಟೆ ಪಾರ್ಕಿನ ಬೆಂಚಿನಲ್ಲಿ ಕೂತಿದ್ದಳು. ಕೇಳಿದವರಿಗೆ ಅಂಗಡಿಯಲ್ಲಿ ಸಾಲು ಇತ್ತು ಎಂದಿದ್ದಳು. ಹೇಳಿ ಹೇಳಿ ಈಗ ಆ ಸಾಲು ಕಣ್ಣಿಗೆ ಕಟ್ಟುತ್ತದೆ, ಅದರಲ್ಲಿ ತನ್ನ ಮುಂದೆ ನಿಂತವರ ಬೆನ್ನುಗಳೂ ಕಾಣುತ್ತವೆ. ಮಾತಾಡಬೇಕಾದ ಕಡೆ ಮಾತಾಡದಿರಲು ತನ್ನ ಕೈಕಾಲು ಎಂಥ ನೆಪವನ್ನಾದರೂ ಹುಟ್ಟಿಸಿಕೊಡುತ್ತವೆ.

"ಮೇಸ್ತ್ರಿ, ನಾನು ಬೇಗ ಹೋಗ್ಲಾ?"

"ಇನ್ನೂ ಇಲ್ಲೇ ಇದೀಯಾ?" ಎಂದರು ಅವರು. ಆಗಲೇ ಅವಳ ಮೇಣದ ಡಬ್ಬಿಯನ್ನು ತಮ್ಮ ಕಡೆಗೆ ಎಳೆದುಕೊಂಡಿದ್ದರು.

ಮನೆಗೆ ಬಂದಾಗ ನಾಲ್ಕೂವರೆ. ಅಣ್ಣ ಕೆಲಸದಿಂದ ಬಂದಿರಲಿಲ್ಲ, ಮಕ್ಕಳಿಬ್ಬರೂ ಕೆಳಗೆ ಆಡುತ್ತಿದ್ದರು. ಅತ್ತಿಗೆ ಅಡುಗೆಮನೆಗೆ ಹೋಗುವ ಇಕ್ಕಟ್ಟು ಓಣಿಯಲ್ಲಿ, ಟ್ಯೂಬ್‌ಲೈಟಿನ ಕೆಳಗೆ, ಮೆಷಿನ್ನಿನ ಮುಂದೆ ಕೂತು ಶಾಲೆಯ ಸಮವಸ್ತ್ರಗಳಿಗೆ ಕಾಲರು ಹಚ್ಚುತ್ತಿದ್ದಳು. ಹೊರಗೆ ಬಿಸಿಲು ಇನ್ನೂ ಹಾಗೇ ಇತ್ತು, ಹಾಲಿನ ಕಿಟಕಿಯಲ್ಲಿ, ಬೀರುವಿನ ಆಚೆ, ತನ್ನ ಮಂಚದ ಮೇಲೆ ಬಿದ್ದುಕೊಂಡಿತ್ತು. ಆರು ವರ್ಷ ದಿನಾ ನೋಡಿದ್ದು ಈಗ ಕಂಡಿತು: ಈ ಮನೆಗೆ ಬೆಳಕು ಬರುವ ಕಿಟಕಿ ಒಂದೇ, ಅದರ ಕೆಳಗೆ ಮಲಗುವವಳು ತಾನು, ಹಗಲೆಲ್ಲ ದೀಪ ಹಾಕಿ ಸೂಜಿಗೆ ದಾರ ಪೋಣಿಸುವವಳು ಅತ್ತಿಗೆ.

"ಏನು ಇಷ್ಟು ಬೇಗ? ಈ ವಾರವೆಲ್ಲ ಓವರ್‌ಟೈಮ್ ಅಂದಿದ್ದೆ."

"ಸುಳ್ಳು ಹೇಳಿದ್ದೆ."

ಅತ್ತಿಗೆ ಕಾಲು ನಿಲ್ಲಿಸಿದಳು. ಮೆಷಿನ್ನಿನ ಸದ್ದು ನಿಂತಾಗ ಮನೆ ಒಮ್ಮೆಲೇ ಖಾಲಿಯಾದಂತಾಯಿತು. ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಆ ಖಾಲಿಯಲ್ಲಿ ಎಲ್ಲಿ ಹೋದವೋ. "ಒಂದು ಮನೆ ನೋಡಿದೀನಿ, ಅತ್ತಿಗೆ. ಒಂದೇ ಕೋಣೆ. ನಾನೊಬ್ಬಳೇ ಇರೋದಕ್ಕೆ" ಎಂದು ಒಂದೇ ಉಸಿರಿಗೆ ಅಂದುಬಿಟ್ಟಳು. ಅಂದು, ಪೆಟ್ಟು ಬೀಳುತ್ತದೆ ಎಂಬಂತೆ ಕಣ್ಣು ಕಿರಿದು ಮಾಡಿ ನಿಂತಳು.

"ಗೊತ್ತಿತ್ತು" ಎಂದಳು ಅತ್ತಿಗೆ. "ಮೊನ್ನೆ ನನ್ನ ಟೇಪು ತಗೊಂಡು ಮಂಚ ಅಳೀತಿದ್ದೆಯಲ್ಲ. ಮಂಚಕ್ಕೆ ಅಂಗಿ ಹೊಲಿಸ್ತಾಳೇನೋ ಅಂದ್ಕೊಂಡೆ. ಎರಡು ದಿನ ಆಯ್ತು, ಬಟ್ಟೆ ತಂದುಕೊಡಲಿಲ್ಲ."

"ನಿಮ್ಮ ಮೇಲೆ ಬೇಜಾರಾಗಿ ಅಲ್ಲ, ಅತ್ತಿಗೆ. ದೇವರಾಣೆಗೂ ಅಲ್ಲ. ನೀವು ಇಲ್ಲದಿದ್ದರೆ ನಾನು…" ಚೀಲವನ್ನು ಹೆಗಲಿನಿಂದ ಇಳಿಸಿದಳು. "ಆದರೆ ಅಲ್ಲಿಗೆ ಹೋದರೆ ಕವರು ಕೊಡೋಕೆ ಆಗಲ್ಲ. ಎಷ್ಟು ಲೆಕ್ಕ ಹಾಕಿದರೂ ಆಗಲ್ಲ. ನೀವು ಇಷ್ಟು ವರ್ಷ ಅದನ್ನ…"

"ಖರ್ಚಾಗಿದೆ" ಎಂದಳು ಅತ್ತಿಗೆ.

"ಹಾಂ?"

"ಅದನ್ನ ಕೂಡಿಟ್ಟಿದೀನಿ, ಈಗ ತೆಗೆದು ನಿನ್ನ ಕೈಗೆ ಕೊಡ್ತೀನಿ ಅಂತ ಕಾಯ್ತಿದ್ದರೆ ಈಗಲೇ ಹೇಳ್ತೀನಿ, ಅದೆಲ್ಲ ಸಿನಿಮಾದಲ್ಲಿ. ಒಂದು ಕಾಸೂ ಉಳಿದಿಲ್ಲ. ಮಕ್ಕಳ ಫೀಸು, ನಿನ್ನಣ್ಣನ ಹಲ್ಲು, ಈ ಮೆಷಿನ್ನಿನ ಮೋಟರು. ನೀನು ಕೊಟ್ಟೆ, ನಾನು ತಿಂದೆ." ಅತ್ತಿಗೆ ಹಲ್ಲಿನಿಂದ ದಾರ ಕಡಿದು ಕಾಲರನ್ನು ಕೊಡವಿದಳು. "ಇಲ್ಲದಿದ್ದರೆ ಕಷ್ಟ ಆಗುತ್ತೆ. ಆಗಲ್ಲ ಅಂತ ಹೇಳಲ್ಲ. ಆದರೆ ಆ ಕಿಟಕಿ ಸಿಕ್ಕಿದರೆ ಮೆಷಿನ್ನು ಅಲ್ಲಿಗೆ ಹಾಕ್ತೀನಿ. ಇಲ್ಲಿ ಸಂಜೆ ಆದ್ರೆ ಕಣ್ಣು ಉರಿಯುತ್ತೆ, ಐದು ಬಟ್ಟೆಗೆ ನಿಲ್ಲಿಸ್ತೀನಿ. ಅಲ್ಲಾದ್ರೆ ಎಂಟು ಹೊಲೀತೀನಿ. ನೀನೊಬ್ಬಳೇ ಲೆಕ್ಕ ಹಾಕೋದು ಅಂದ್ಕೊಂಡಿದೀಯಾ? ಎರಡು ದಿನದಿಂದ ನಾನೂ ಅದನ್ನೇ ಮಾಡ್ತಿದೀನಿ."

ಅವಳು ಓಣಿಯ ಗೋಡೆಗೆ ಒರಗಿ ಅಲ್ಲೇ ಕೂತಳು. ಕೇಳಬೇಕೆಂದಿದ್ದ ಕ್ಷಮೆ ಯಾರಿಗೂ ಬೇಕಾಗಿಲ್ಲ, ಕಾಯುತ್ತಿದ್ದ ಕಣ್ಣೀರನ್ನು ಯಾರೂ ಹಾಕುತ್ತಿಲ್ಲ. ಸ್ವಲ್ಪ ಅವಮಾನವೂ ಆಯಿತು, ಇಷ್ಟು ಸುಲಭವಾಗಿ ಬಿಟ್ಟುಕೊಡುತ್ತಾರೆಯೇ ಎಂದು. ಆದರೆ ಅತ್ತಿಗೆ ಎದ್ದು ಅಡುಗೆಮನೆಗೆ ಹೋಗಿ, ಮೂಗು ಸೀಟಿ, ಎರಡು ಲೋಟ ಚಹಾ ಹಿಡಿದು ಹಿಂದಿರುಗಿದಾಗ ಕಣ್ಣುಗಳ ಸುತ್ತ ಕೆಂಪಿತ್ತು. ಹೊಲಿದು ಹೊಲಿದು ಆದ ಕೆಂಪೋ ಅಲ್ಲವೋ ಅವಳು ಕೇಳಲಿಲ್ಲ.

"ಎಷ್ಟು ಗಂಟೆಗೆ ಹೇಳಬೇಕು ಅವರಿಗೆ?"

"ಆರಕ್ಕೆ."

"ಕುಡಿ ಬೇಗ. ನಾನೂ ಬರ್ತೀನಿ. ನಿನ್ನಣ್ಣನಿಗೆ ನಾನು ಹೇಳ್ತೀನಿ, ಅವನದೊಂದು ತಮಾಷೆ ಕಮ್ಮಿ ಆಗುತ್ತೆ, ಅದೇ ಅವನಿಗೆ ದೊಡ್ಡ ದುಃಖ."

ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಅತ್ತಿಗೆ ಚಪ್ಪಲಿ ಬದಲಿಸಿ, ತಲೆ ಬಾಚಿಕೊಂಡು, ಮದುವೆಗೆ ಹೊರಟವಳ ಹಾಗೆ ಕೈಚೀಲವನ್ನು ತೊಡೆಯ ಮೇಲಿಟ್ಟು ನೆಟ್ಟಗೆ ಕೂತಿದ್ದಳು. ಹೊರಡುವಾಗ ಪಕ್ಕದ ಮನೆಗೆ ಹೋಗಿ ಮಕ್ಕಳನ್ನು ನೋಡಿಕೊಳ್ಳಿ ಎಂದು ಹೇಳುವಾಗ "ನಮ್ಮ ಹುಡುಗಿ ಮನೆ ಮಾಡ್ತಿದಾಳೆ" ಎಂದದ್ದು ಅವಳಿಗೆ ಕೇಳಿಸಿತ್ತು. ಯಾರೋ ಒಬ್ಬರು ತನ್ನ ಬಗ್ಗೆ ಜಂಬ ಪಡುವುದನ್ನು ಮರೆಯಲ್ಲಿ ನಿಂತು ಕೇಳುವುದು ಎಷ್ಟು ಸುಖ. ಅದೇ ಜಂಬವನ್ನು ಅಮ್ಮನ ಬಾಯಲ್ಲಿ ಕೇಳಬೇಕಿತ್ತು ಎಂದು ಒಂದು ಕ್ಷಣ ಅನ್ನಿಸಿ, ಆಮೇಲೆ ಅದೂ ಕರಗಿ, ಪಕ್ಕದಲ್ಲಿ ಕೂತ ಈ ಹೆಂಗಸಿನ ಮೊಣಕೈ ತನ್ನ ಪಕ್ಕೆಗೆ ತಾಗುತ್ತಿರುವುದಷ್ಟೇ ಉಳಿಯಿತು.

ಅತ್ತಿಗೆ ಮನೆ ನೋಡಿದ ರೀತಿಯೇ ಬೇರೆ. ನಲ್ಲಿ ತಿರುಗಿಸಿ ನೀರು ಸಣ್ಣಗಾಗುತ್ತದೋ ಎಂದು ಒಂದು ನಿಮಿಷ ಬಿಟ್ಟು ನೋಡಿದಳು. ಬಚ್ಚಲಿನ ಜಾಲರಿಯ ಹತ್ತಿರ ಬಗ್ಗಿ ಮೂಸಿದಳು. ಗೋಡೆಯನ್ನು ಅಂಗೈಯಲ್ಲಿ ಒತ್ತಿ ತೇವ ಇದೆಯೋ ಎಂದು ನೋಡಿದಳು. "ಮೊಳೆ ಹೊಡೆಯೋಕೆ ಪ್ರತಿ ಸಲ ಕೇಳೋದು ಆಗಲ್ಲ, ಐದು ಮೊಳೆಗೆ ಈಗಲೇ ಒಪ್ಪಿಗೆ ಕೊಡಿ" ಎಂದು ಮನೆಯೊಡತಿಯ ಹತ್ತಿರ ಚೌಕಾಸಿ ಮಾಡಿದಳು. ಮನೆಯೊಡತಿ ತಲೆ ವಾಲಿಸಿ ಕೇಳಿ, ನಾಲ್ಕಕ್ಕೆ ಒಪ್ಪಿ, "ಆರು ಗಂಟೆಗೆ ಬರ್ತೀನಿ, ಅಷ್ಟರಲ್ಲಿ ಹೇಳಿ" ಎಂದು ಕೆಳಗೆ ಹೋದರು. ಅವಳು ಮಾಮೂಲಿ ಸ್ಕೇಲು ತೆಗೆದು, ಅದರ ತುದಿಯನ್ನು ಬೆಳಕಿಗೆ ಹಿಡಿದು ಬಣ್ಣವಿಲ್ಲವೆಂದು ಖಾತ್ರಿ ಮಾಡಿಕೊಂಡು, ಮತ್ತೊಮ್ಮೆ ಅಳೆದಳು. ನೂರ ತೊಂಬತ್ತೊಂದು. ಸರಿ, ಕೂರುತ್ತದೆ. ಆದರೂ ಒಳಗೆ ಇನ್ನೂ ಏನೋ ಕೂರದೆ ಅಲ್ಲಾಡುತ್ತಿತ್ತು. ಎಲ್ಲರೂ ಒಪ್ಪಿದ ಮಾತ್ರಕ್ಕೆ ತಾನು ಮಾಡುತ್ತಿರುವುದು ಸರಿಯಾಗಿಬಿಡುತ್ತದೆಯೇ? ಇಷ್ಟು ಜನರ ಕಣ್ಣುರಿ, ಇಷ್ಟು ಜನರ ಲೆಕ್ಕ, ತನ್ನೊಬ್ಬಳ ಒಂದು ಚಿಲಕಕ್ಕಾಗಿ?

ತಿರುಗಿ ನೋಡಿದರೆ ಅತ್ತಿಗೆ ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದಳು, ಕಾಲು ಉದ್ದಕ್ಕೆ ಚಾಚಿ, ಕೈಚೀಲವನ್ನು ದೂರಕ್ಕೆ ಸರಿಸಿ. ಅತ್ತಿಗೆ ಹೀಗೆ ಕಾಲು ಚಾಚಿ ಕೂತಿದ್ದನ್ನು ಅವಳು ಯಾವತ್ತೂ ನೋಡಿರಲಿಲ್ಲ.

"ಏನೂ ಸದ್ದೇ ಇಲ್ಲ, ಅಲ್ವಾ?" ಎಂದಳು ಅತ್ತಿಗೆ. "ನಾನು ಹುಟ್ಟಿದ ಮನೇಲಿ ಒಂಬತ್ತು ಜನ. ಆಮೇಲೆ ನಿಮ್ಮ ಮನೆ. ಒಬ್ಬಳೇ ಇದ್ದು ಒಳಗಿಂದ ಬಾಗಿಲು ಹಾಕಿಕೊಂಡಿದ್ದು ಅಂದ್ರೆ ಬಚ್ಚಲಲ್ಲಿ. ಅಲ್ಲೂ ಎರಡು ನಿಮಿಷಕ್ಕೆ ಯಾರಾದರೂ ತಟ್ಟುತ್ತಾರೆ." ಏನೋ ಕಳ್ಳತನ ಕೇಳುವವಳ ಹಾಗೆ ದನಿ ತಗ್ಗಿಸಿದಳು. "ನೀನು ಒಂದು ಅರ್ಧ ಗಂಟೆ ಹೊರಗೆ ಇರ್ತೀಯಾ?"

"ಯಾಕೆ, ಅತ್ತಿಗೆ? ಹುಷಾರಿಲ್ವಾ?"

"ಹುಷಾರಾಗೇ ಇದೀನಿ. ಸುಮ್ನೆ."

ಅವಳು ಹೊರಗೆ ಬಂದಳು. ಬಾಗಿಲು ಹಿಂದೆ ಮುಚ್ಚಿಕೊಂಡಿತು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಚಿಲಕ ಬೀಳುವ ಸದ್ದು, ಮೆಲ್ಲಗೆ, ಯಾರಿಗೂ ನೋವಾಗಬಾರದು ಎಂಬಂತೆ. ಅವಳು ಮೆಟ್ಟಿಲ ಮೇಲೆ ಕೂತಳು. ಒಳಗಿನಿಂದ ಅಳು ಕೇಳಬಹುದೆಂದು ಕಿವಿಗೊಟ್ಟಳು. ಅಳು ಇಲ್ಲ, ಓಡಾಟ ಇಲ್ಲ, ಏನೂ ಇಲ್ಲ. ಒಬ್ಬ ಹೆಂಗಸು ನಲವತ್ತನೇ ವಯಸ್ಸಿನಲ್ಲಿ ಮೊದಲ ಸಲ ಸುಮ್ಮನೆ ಕೂತಿದ್ದಳು, ಅಷ್ಟೇ. ತನಗೆ ಹದಿನೆಂಟಕ್ಕೇ ಒಂದು ಪರದೆ, ಒಂದು ಕಿಟಕಿ ಕೊಟ್ಟವಳು. ಸ್ವತಃ ಅವಳ ಹತ್ತಿರವೇ ಇರದೇ ಇದ್ದದ್ದನ್ನು, ಎಲ್ಲಿಂದಲೋ ಕಿತ್ತು ತಂದು ಕೊಟ್ಟವಳು. ಆರು ವರ್ಷ ಆ ಪರದೆಯೊಳಗೆ ಮುಖ ಬಿಗಿಹಿಡಿದು ಕೂತು, ಇದು ಕೋಣೆಯಲ್ಲ, ಕೋಣೆಯಲ್ಲ ಎಂದು ಗೊಣಗಿದ್ದಳಲ್ಲ ತಾನು! ನಾಚಿಕೆಯಾಯಿತು, ಆದರೆ ಆ ನಾಚಿಕೆಯ ಅಡಿಯಲ್ಲಿ ಬೆಚ್ಚಗೆ ಉಕ್ಕಿ ಬಂದದ್ದು ಬೇರೆಯೇ. ಋಣ ಎನ್ನುವ ಪದ ಅದಕ್ಕೆ ಸಾಲದು, ಋಣವನ್ನು ತೀರಿಸಬೇಕಾಗುತ್ತದೆ. ಇದು ಬರೇ ಸಂತೋಷ, ಇಂಥವಳೊಬ್ಬಳ ಕೈಗೆ ತಾನು ಸಿಕ್ಕಿದೆನಲ್ಲ ಎಂಬ ಸಂತೋಷ. ಕಣ್ಣು ತುಂಬಿ, ಮೆಟ್ಟಿಲ ಕೆಳಗಿನ ಬೀದಿ ಮಸುಕಾಯಿತು.

ಆರಕ್ಕೆ ಐದು ನಿಮಿಷವಿರುವಾಗ ಮನೆಯೊಡತಿ ಏದುಸಿರು ಬಿಡುತ್ತ ಹತ್ತಿ ಬಂದರು. "ಅವರು ಬಂದಿದಾರೆ, ಕೆಳಗೆ ನಿಂತಿದಾರೆ. ಏನು ಹೇಳಲಿ?" ಎನ್ನುತ್ತ ಮುಚ್ಚಿದ ಬಾಗಿಲನ್ನು ನೋಡಿ ತಟ್ಟಲು ಕೈಯೆತ್ತಿದರು.

ಅವಳು ಎದ್ದು ಆ ಕೈಯನ್ನು ಹಿಡಿದುಕೊಂಡಳು. "ತಟ್ಟಬೇಡಿ. ಮನೆ ನಾನು ತಗೋತೀನಿ."

ಮನೆಯೊಡತಿ ತಲೆಯನ್ನು ಬಾಗಿಲ ಕಡೆಗೆ ವಾಲಿಸಿ ಒಂದು ಕ್ಷಣ ಆಲಿಸಿದರು. ಅವರಿಗೆ ಏನು ಕೇಳಿಸಿತೋ, ದನಿಯನ್ನು ತಾವಾಗಿ ಇಳಿಸಿದರು. "ಸರಿ. ಇವತ್ತು ಇಪ್ಪತ್ತೆರಡು. ಬಾಡಿಗೆ ಒಂದನೇ ತಾರೀಖಿಂದ ಹಿಡೀತೀನಿ, ಅಲ್ಲೀ ತನಕ ಹೇಗೂ ಖಾಲಿ ತಾನೇ."

"ಬೇಡ, ಇವತ್ತಿಂದಲೇ ಹಿಡೀರಿ" ಎಂದಳು ಅವಳು. "ಮನೇಲಿ ಆಗಲೇ ಜನ ಇದ್ದಾರೆ."